ಕಿಲ್ಪೆಕ್ ಚರ್ಚಿನ ಕೆತ್ತನೆಗಳು ಇಷ್ಟು ಸ್ಪಷ್ಟವಾಗಿ ಉಳಿದದ್ದು ಹೇಗೆ?

ಪ್ರಶ್ನೆ:
ಇಂಗ್ಲೆಂಡಿನ ಹೆರೆಫರ್ಡ್‌ಶೈರ್‌ನಲ್ಲಿರುವ ಕಿಲ್ಪೆಕ್ ಎಂಬ ಹಳ್ಳಿಯ ಪ್ಯಾರಿಷ್ ಚರ್ಚು ಸುಮಾರು 1140ರಲ್ಲಿ ಕಟ್ಟಿದ್ದೆಂದು ಓದಿದ್ದೇನೆ. ಅದರ ದಕ್ಷಿಣ ಬಾಗಿಲಿನ ಚಿತ್ರವನ್ನು ಹಿಗ್ಗಿಸಿ ನೋಡಿದರೆ, ಪಕ್ಕದ ಕಂಬದಲ್ಲಿ ಬಳ್ಳಿಗಳ ನಡುವೆ ಸಿಕ್ಕಿಕೊಂಡಿರುವ ಯೋಧರ ಉಡುಪಿನ ಗೆರೆಗಳೂ ಕಾಣಿಸುತ್ತವೆ. ಇಷ್ಟು ಶತಮಾನ ಕಳೆದ ಮೇಲೂ ಈ ಕಲ್ಲು ಸವೆಯದೆ ಉಳಿದದ್ದು ಹೇಗೆ? ಇಂಥ ಕೆಲಸ ಒಂದು ಹಳ್ಳಿಯ ಚರ್ಚಿಗೆ ದೊರೆತದ್ದಾದರೂ ಏಕೆ?

ಉತ್ತರ 1:
ಮೊದಲು ಎರಡನೆಯ ಪ್ರಶ್ನೆಯನ್ನು ತೆಗೆದುಕೊಳ್ಳುತ್ತೇನೆ. ಅಂದಿನ ಕಿಲ್ಪೆಕ್ ಮೂಲೆಯ ಊರಾಗಿರಲಿಲ್ಲ. ವೇಲ್ಸ್ ಗಡಿಗೆ ಸಮೀಪದ ಈ ಊರಿನಲ್ಲಿ ನಾರ್ಮನ್ ಪ್ರಭುಗಳ ಕೋಟೆಯಿತ್ತು, ಅದರ ದಿಬ್ಬ ಇಂದಿಗೂ ಚರ್ಚಿನ ಪಶ್ಚಿಮಕ್ಕಿದೆ. ಅಲ್ಲಿನ ಪ್ರಭು ಹ್ಯೂ 1134ರಲ್ಲಿ ಊರಿನ ಚರ್ಚನ್ನು ಗ್ಲಾಸ್ಟರ್‌ನ ಮಠಕ್ಕೆ ದತ್ತಿ ಕೊಟ್ಟಿದ್ದನು. ಇಲ್ಲಿನ ಶಿಲ್ಪಿಗಳನ್ನು ವಿದ್ವಾಂಸರು ಹೆರೆಫರ್ಡ್‌ಶೈರ್ ಪಂಥ ಎಂದು ಕರೆಯುತ್ತಾರೆ. ಶಾಬ್ಡನ್‌ನ ಕಮಾನುಗಳಲ್ಲೂ ಈಯರ್ಡಿಸ್ಲಿಯ ದೀಕ್ಷಾಸ್ನಾನದ ತೊಟ್ಟಿಯಲ್ಲೂ ಇದೇ ಶೈಲಿ ಕಾಣುತ್ತದೆ.

ಉತ್ತರ 2:
ಉಳಿವಿಗೆ ಮುಖ್ಯ ಕಾರಣ ಕಲ್ಲು. ಅದು ಆ ಸೀಮೆಯ ಕೆಂಪು ಮರಳುಗಲ್ಲು. ಇಲ್ಲಿ ಬಳಸಿದ್ದು ಅಸಾಧಾರಣ ಗಟ್ಟಿ. ನನ್ನ ದೃಷ್ಟಿಯಲ್ಲಿ ಇನ್ನೊಂದು ಕಾರಣವೂ ಅಷ್ಟೇ ಮುಖ್ಯ. ಮುಂದಿನ ಶತಮಾನಗಳಲ್ಲಿ ಸಿರಿವಂತ ಊರುಗಳು ತಮ್ಮ ಚರ್ಚುಗಳ ಗೋಡೆ ಒಡೆದು ಪಕ್ಕದ ಅಂಕಣಗಳನ್ನು ಸೇರಿಸಿದವು, ದೊಡ್ಡ ಕಿಟಕಿಗಳನ್ನು ಇಟ್ಟವು, ಕಿಲ್ಪೆಕ್‌ನಲ್ಲಿ ಹಾಗಾಗಲಿಲ್ಲ. ಜನರು ಸೇರುವ ನೇವ್, ಅದರ ಮುಂದಿನ ಚಾನ್ಸೆಲ್, ಪೂರ್ವ ತುದಿಯಲ್ಲಿ ಅರ್ಧವೃತ್ತಾಕಾರದ ಏಪ್ಸ್, ಹೀಗೆ ಒಂದರ ಹಿಂದೊಂದು ಜೋಡಿಸಿದ ಮೂರು ಭಾಗಗಳ ಮೂಲ ವಿನ್ಯಾಸವೇ ಇಂದಿಗೂ ನಿಂತಿದೆ. ಗೋಡೆ ಒಡೆದಿದ್ದರೆ ಸೂರಿನಡಿಯ ಕೆತ್ತನೆಯ ಸಾಲು ಉಳಿಯುತ್ತಿರಲಿಲ್ಲ.

ಉತ್ತರ 3:
ಆ ಸಾಲಿನ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಸೂರಿನ ಕೆಳಗೆ ಸುತ್ತಲೂ ಕಾರ್ಬೆಲ್ ಎಂಬ ಚಾಚುಗಲ್ಲುಗಳಿವೆ. ಅವುಗಳಲ್ಲಿ 85 ಉಳಿದಿವೆ. 1848ರಲ್ಲಿ ಕಾಟಿಂಗ್‌ಹ್ಯಾಮ್ ಎಂಬ ವಾಸ್ತುಶಿಲ್ಪಿ ಚರ್ಚನ್ನು ಜೀರ್ಣೋದ್ಧಾರ ಮಾಡಿದ್ದರಿಂದ, ಎಲ್ಲವೂ ಕೈಮುಟ್ಟದೆ ಉಳಿದದ್ದೆಂದು ಭಾವಿಸಬಾರದು. ಒಳಗೆ ಚಾನ್ಸೆಲ್ ಕಮಾನಿನ ಎರಡೂ ಬದಿಯಲ್ಲಿ ಒಬ್ಬರ ಮೇಲೊಬ್ಬರಂತೆ ಮೂವರು ಸಂತರು ನಿಂತಿದ್ದಾರೆ, ಅವರನ್ನು ನೋಡದೆ ಬರಬಾರದು. ಆದರೂ ನನಗೆ ಅತ್ಯಂತ ಪ್ರಿಯವಾದದ್ದು ಹೊರಗಿನ ಒಂದೇ ಚಾಚುಗಲ್ಲು: ನಾಯಿಯೂ ಮೊಲವೂ ಅಕ್ಕಪಕ್ಕ ಕುಳಿತಿವೆ, ನಾಯಿಯ ಕಣ್ಣುಗಳು ದುಂಡಗೆ ಅರಳಿವೆ, ಮೊಲದಲ್ಲಿ ಹೆದರಿಕೆಯ ಸುಳಿವೇ ಇಲ್ಲ.