ಮ್ಯಾಕುಲಾ ಕಲೆಯಲ್ಲ ಕಣ್ರೋ: ಹಾಸನ ಬಿಎಸ್ಸಿ ಬಳಗದ ವಾಟ್ಸಾಪ್ ಜಗಳ

ಚಂದ್ರು (ಫಾರ್ವರ್ಡ್): «ಕಣ್ಣೊಳಗೆ ಹಳದಿ ಕಲೆ ಕಟ್ಟಿದರೆ ಅದೇ ಮ್ಯಾಕುಲಾ ರೋಗ. ಏಳು ದಿನ ಹರಳೆಣ್ಣೆ ಬಿಟ್ಟರೆ ಕರಗುತ್ತದೆ.»

ರೇಣುಕಾ: ಯಾರು ಕಳಿಸಿದ್ರೋ ಇದನ್ನ? ಮ್ಯಾಕುಲಾ ರೋಗದ ಹೆಸರಲ್ಲ, ಜಾಗದ ಹೆಸರು. ಎಲ್ಲರ ಕಣ್ಣಲ್ಲೂ ಇರತ್ತೆ. ರೆಟಿನಾ, ಅಂದ್ರೆ ಕಣ್ಣಿನ ಹಿಂಭಾಗದಲ್ಲಿ ಬೆಳಕು ಹಿಡಿಯೋ ಪರದೆ, ಅದರ ನಡುವೆ, ಸುಮಾರು 5.5 ಮಿ.ಮೀ. ಅಗಲ.

ಚಂದ್ರು: ಲ್ಯಾಟಿನ್‌ನಲ್ಲಿ ಮ್ಯಾಕುಲಾ ಅಂದ್ರೆ ಕಲೆ ತಾನೆ? ಅರ್ಧ ಸರಿಯಾಯ್ತಲ್ಲ.

ಮಂಜು: ಪದ ಸರಿ, ಹೊಂದಿಸಿದ್ದು ತಪ್ಪು. ಪೂರ್ತಿ ಹೆಸರು ಮ್ಯಾಕುಲಾ ಲೂಟಿಯಾ. ಲೂಟಿಯಾ ಅಂದ್ರೆ ಹಳದಿ. 1782ರಲ್ಲಿ ಮಿಲಾನ್‌ನ ವೈದ್ಯ ಬುಟ್ಸಿ ಈ ಹಳದೀನ ಗುರುತಿಸಿದ. 1791ರಲ್ಲಿ ಜರ್ಮನಿಯ ವೈದ್ಯ ಸೋಮರಿಂಗ್ ನೋಡಿ, ನಡುವಿನ ಗುಳೀನ ತೂತು ಅಂದ್ಕೊಂಡ! ಅದು ಫೋವಿಯಾ. ಬದುಕಿರೋರ ಕಣ್ಣಿಗೆ ಮಾಮೂಲಿ ಬೆಳಕು ಹಾಯಿಸಿ ನೋಡಿದ್ರೆ ಹಳದಿ ಎದ್ದು ಕಾಣಲ್ಲ, ಸುತ್ತಲಿಗಿಂತ ಕೊಂಚ ಕಪ್ಪು ಅಷ್ಟೇ.

ಚಂದ್ರು: ಹಂಗಾದ್ರೆ ಕನ್ನಡದಲ್ಲಿ ಮಚ್ಚೆ ಅನ್ನೋಣ.

ರೇಣುಕಾ: ಬೇಡ ಮಾರಾಯ. ಮಚ್ಚೆ ಚರ್ಮದ್ದು. ಚರ್ಮದ ಡಾಕ್ಟ್ರು ಹೇಳೋ ಮ್ಯಾಕ್ಯೂಲ್ ಕೂಡ ಬೇರೆ: ಬಣ್ಣ ಬದಲಾಗಿರತ್ತೆ, ಬೆರಳಾಡಿಸಿದ್ರೆ ಏನೂ ಸಿಗಲ್ಲ, ಅಗಲ 1 ಸೆಂ.ಮೀ.ಗಿಂತ ಕಡಿಮೆ. ಉಬ್ಬಿದ್ರೆ ಪ್ಯಾಪ್ಯೂಲ್. ಇನ್ನು ಒಳಕಿವೀಲೂ ಮ್ಯಾಕುಲಾ ಇದೆ, ಅಲ್ಲಿನ ಎರಡು ಪುಟ್ಟ ಚೀಲಗಳಾದ ಯುಟ್ರಿಕಲ್‌ನಲ್ಲಿ ಒಂದು, ಸ್ಯಾಕ್ಯೂಲ್‌ನಲ್ಲಿ ಒಂದು. ತಲೆ ವಾಲಿದ್ದು ಗೊತ್ತಾಗೋದು ಅವುಗಳಿಂದ. ಅದನ್ನೂ ಮಚ್ಚೆ ಅಂತೀಯಾ?

ಸುಮಾ: ಕಲೆ ಅಂದ ತಕ್ಷಣ ಜನ ತೆಗೆಸೋಕೆ ಹೊರಡ್ತಾರೆ. ಹಳದಿ ಚುಕ್ಕೆ ಸಾಕು.

ಚಂದ್ರು: ಕಣ್ಣಿನ ರಿಪೋರ್ಟಲ್ಲಿ ಡ್ರೂಸೆನ್ ಅಂತ ಬರೀತಾರಲ್ಲ?

ರೇಣುಕಾ: ಕಲೆ ಅನ್ನಬೇಕಾದ್ದು ಅದನ್ನ! ರೆಟಿನಾದ ಅಡಿ ಕೂತ ಕೊಬ್ಬು, ಪ್ರೋಟೀನಿನ ಗಸಿ. ಡ್ರೂಸೆನ್ ಅನ್ನೋದು ಒಳಗೆ ಹರಳು ಕಟ್ಟಿದ ಕಲ್ಲಿಗೆ ಜರ್ಮನ್ ಗಣಿಯವರು ಇಟ್ಟ ಹೆಸರು. ಕಣ್ಣಿಗೆ ಬಿಟ್ಟ ಹರಳೆಣ್ಣೆ ಅಲ್ಲೀವರೆಗೆ ಹೋಗೋದೇ ಇಲ್ಲ.

ಮಂಜು: ಮ್ಯಾಕುಲಾಗೆ ಹಳದಿ ಬರೋದು ಲ್ಯೂಟಿನ್, ಜಿಯಾಜ್ಯಾಂಥಿನ್ ಅನ್ನೋ ಬಣ್ಣದ ವಸ್ತುಗಳಿಂದ. ಮೈ ತಾನಾಗಿ ಮಾಡ್ಕೊಳಲ್ಲ, ತಿನ್ನಬೇಕು. ಕಟ್ಟಿನಕೆರೆ ಮಾರ್ಕೆಟ್ಟಲ್ಲಿ ಸಿಗೋ ನುಗ್ಗೆಸೊಪ್ಪು, ಮುಸುಕಿನ ಜೋಳ, ಮೊಟ್ಟೆಯೊಳಗಿನ ಹಳದಿ ಭಾಗ. ಸೊಪ್ಪಿಗೆ ಒಗ್ಗರಣೆ ಹಾಕೋದು ಮರೀಬೇಡಿ, ಜಿಡ್ಡಿಲ್ಲದೆ ಮೈಗೆ ಹತ್ತಲ್ಲ. ಎಣ್ಣೆ ಬೇಕಾದ್ದು ಬಾಣಲೇಲಿ ಚಂದ್ರು, ಕಣ್ಣಲ್ಲಲ್ಲ.

ಚಂದ್ರು: 😐 ಮಾತ್ರೆ?

ರೇಣುಕಾ: 2013ರಲ್ಲಿ ಫಲಿತಾಂಶ ಬಂದ ಅಮೆರಿಕದ ಪ್ರಯೋಗದಲ್ಲಿ ಕೊಟ್ಟಿದ್ದು ದಿನಕ್ಕೆ 10 ಮಿ.ಗ್ರಾಂ. ಲ್ಯೂಟಿನ್, 2 ಮಿ.ಗ್ರಾಂ. ಜಿಯಾಜ್ಯಾಂಥಿನ್, ಜೊತೆಗೆ ಸತು, ತಾಮ್ರ, ಸಿ ಮತ್ತು ಇ ವಿಟಮಿನ್. ಅದು ಡ್ರೂಸೆನ್ ಮಧ್ಯಮ ಹಂತಕ್ಕೆ ಬಂದೋರಿಗೆ, ಡಾಕ್ಟ್ರು ಹೇಳಿದ್ರೆ ಮಾತ್ರ. ಮುಂದಕ್ಕೆ ಹೋಗೋದು ನಿಧಾನ ಆಗಬಹುದು, ಇದ್ದದ್ದು ಕರಗಲ್ಲ.

ಸುಮಾ: ಅದಕ್ಕಿಂತ ಆಮ್ಸ್ಲರ್ ಚೌಕ ನೋಡ್ಕೊಳ್ಳಿ, ಮ್ಯಾಕುಲಾ ಕೆಟ್ಟಿದ್ಯಾ ಅಂತ ಮನೇಲೇ ನೋಡ್ಕೊಳ್ಳೋ ಗೆರೆಗಳ ಚಿತ್ರ ಅದು. 10 ಸೆಂ.ಮೀ. ಚೌಕ, 5 ಮಿ.ಮೀ. ಮನೆಗಳು, ನಡುವೆ ಚುಕ್ಕೆ. ಓದೋ ಕನ್ನಡಕ ಹಾಕ್ಕೊಂಡು 30 ಸೆಂ.ಮೀ. ದೂರದಲ್ಲಿ ಹಿಡಿದು, ಒಂದು ಕಣ್ಣು ಅಂಗೈಲಿ ಮುಚ್ಚಿ ಚುಕ್ಕೆನೇ ನೋಡಿ. ಗೆರೆ ಸೊಟ್ಟಗಾದ್ರೆ, ಮನೆ ಕಾಣೆಯಾದ್ರೆ ತಡ ಮಾಡದೆ ಕಣ್ಣಿನ ಡಾಕ್ಟ್ರ ಹತ್ರ. ಎರಡೂ ಕಣ್ಣು ಬಿಟ್ಟು ನೋಡಿದ್ರೆ ಒಂದರ ಕೊರತೆ ಇನ್ನೊಂದು ಮುಚ್ಚಾಕತ್ತೆ.

ಚಂದ್ರು: ಫೋನಲ್ಲೇ ನೋಡಿದ್ರೆ?

ಸುಮಾ: ಅಳತೆ ಕೆಡತ್ತೆ ಕಣೋ. ಜೆರಾಕ್ಸ್ ಅಂಗಡೀಲಿ ಪ್ರಿಂಟ್ ತೆಗೆಸಿ ಸ್ಕೇಲ್ ಇಟ್ಟು ನೋಡು, 10 ಸೆಂ.ಮೀ. ಇಲ್ದಿದ್ರೆ ಇನ್ನೊಂದು ತೆಗೆಸು.