ಮೀನುಗಾರಿಕಾ ದಕ್ಕೆಯಲ್ಲಿ ದುಡಿಯುವ ಅಣ್ಣನಿಗೆ ಕುಡಿತ ಬಿಟ್ಟವರ ಸಭೆ ಎಲ್ಲಿ ಸಿಗುತ್ತದೆ?

ಪ್ರಶ್ನೆ (ಮಲ್ಪೆಯ ಸದಸ್ಯೆ):

ನನ್ನ ಅಣ್ಣ ಹದಿನೆಂಟು ವರ್ಷಗಳಿಂದ ಆಳಸಮುದ್ರ ಬೋಟಿನಲ್ಲಿ ದುಡಿಯುತ್ತಿದ್ದಾರೆ. ಈ ಸಲದ ಟ್ರಾಲಿಂಗ್ ರಜೆಯಲ್ಲಿ (ಮಳೆಗಾಲದಲ್ಲಿ ಬೋಟುಗಳು ಕಡಲಿಗಿಳಿಯದ ಅವಧಿ) ಆಸ್ಪತ್ರೆಗೆ ದಾಖಲಾಗಿ, ಕುಡಿತ ಬಿಟ್ಟು ಮನೆಗೆ ಬಂದು ಐದು ವಾರಗಳಾದವು. ಬಿಡುಗಡೆಯ ದಿನ ‘ಎ.ಎ. ಮೀಟಿಂಗಿಗೆ ಹೋಗುತ್ತಿರಿ’ ಎಂದರೇ ಹೊರತು ಎಲ್ಲಿಗೆ, ಯಾವಾಗ, ಯಾರನ್ನು ಕೇಳಬೇಕು ಎಂಬುದನ್ನು ಯಾರೂ ತಿಳಿಸಲಿಲ್ಲ. ಊರಿನವರು ಕಂಡರೆ ಮರ್ಯಾದೆ ಹೋಗುತ್ತದೆ ಎಂದು ಅಣ್ಣ ಹಿಂಜರಿಯುತ್ತಾರೆ. ಸಭೆ ಚರ್ಚಿನ ಸಭಾಂಗಣದಲ್ಲಿ ನಡೆಯುತ್ತದೆಂದು ಯಾರೋ ಹೇಳಿದ್ದರಿಂದ ಅಮ್ಮನಿಗೂ ಮನಸ್ಸಿಲ್ಲ. ಬೋಟ್ ಹೊರಟಿತೆಂದರೆ ಹತ್ತು ದಿನ ಅವರು ಕಡಲಿನಲ್ಲೇ ಇರುತ್ತಾರೆ. ಇಂಥವರಿಗೆ ವಾರದ ಸಭೆಯಿಂದ ಪ್ರಯೋಜನವಿದೆಯೇ?

ಉತ್ತರ (ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆ, ಉಡುಪಿ):

ಖಂಡಿತ ಇದೆ. ಆಸ್ಪತ್ರೆಯ ಚಿಕಿತ್ಸೆ ದೇಹವನ್ನು ಮದ್ಯದಿಂದ ಬಿಡಿಸುತ್ತದೆ. ಅದಾದ ಮೇಲಿನ ಸಂಜೆಗಳನ್ನು ಹೇಗೆ ಕಳೆಯಬೇಕೆಂಬುದನ್ನು ಮಾತ್ರ ಅದೇ ಹಾದಿಯಲ್ಲಿ ನಡೆದವರಿಂದಲೇ ಕಲಿಯಬೇಕಾಗುತ್ತದೆ.

ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ., 1935ರಲ್ಲಿ ಅಮೆರಿಕದ ಆಕ್ರನ್ ನಗರದಲ್ಲಿ ಇಬ್ಬರು ಕುಡಿತದ ರೋಗಿಗಳು ಪರಸ್ಪರ ಮಾತನಾಡಿಕೊಂಡದ್ದರಿಂದ ಹುಟ್ಟಿದ ಕೂಟ. ಇಂದು ಮಂಗಳೂರು, ಉಡುಪಿಗಳಲ್ಲಿಯೂ ಅದರ ಗುಂಪುಗಳಿವೆ. ಕುಡಿತ ಬಿಡಬೇಕೆಂಬ ಬಯಕೆಯೊಂದೇ ಸದಸ್ಯತ್ವಕ್ಕೆ ಬೇಕಾದದ್ದು. ಶುಲ್ಕವಿಲ್ಲ, ಖರ್ಚಿಗೆ ಸದಸ್ಯರೇ ಇಷ್ಟವಿದ್ದಷ್ಟು ಹಾಕುತ್ತಾರೆ. ಸಭೆಯ ದಿನ ಮತ್ತು ಸ್ಥಳ ಬದಲಾಗುವುದುಂಟು. ಆದ್ದರಿಂದ ಹಳೆಯ ಚೀಟಿಯನ್ನು ನಂಬಿ ಹೋಗಿ, ಬೀಗ ಹಾಕಿದ ಬಾಗಿಲು ಕಂಡು ಹಿಂದಿರುಗುವಂತಾಗಬಾರದು. ಚಿಕಿತ್ಸೆ ಪಡೆದ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗದಲ್ಲಿರುವ ಸಮಾಜ ಕಾರ್ಯಕರ್ತರನ್ನು ಮೊದಲು ಕೇಳಿ. ಸರಕಾರದ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಉಚಿತವಾಗಿ ಕರೆಮಾಡಿಯೂ ಸಲಹೆ ಪಡೆಯಬಹುದು. ಗುಂಪಿನ ಸದಸ್ಯರೊಬ್ಬರ ಸಂಪರ್ಕ ಸಿಕ್ಕಿದೊಡನೆ ಎರಡು ವಿಷಯ ವಿಚಾರಿಸಿ: ಮಾತುಕತೆ ಯಾವ ಭಾಷೆಯಲ್ಲಿ ನಡೆಯುತ್ತದೆ ಮತ್ತು ಅದು ಮನೆಯವರೂ ಬರಬಹುದಾದ ಮುಕ್ತ ಸಭೆಯೇ, ವ್ಯಸನಿಗಳಿಗಷ್ಟೇ ಮೀಸಲಾದ ಸಭೆಯೇ ಎಂಬುದು. ಅಣ್ಣನಿಗೆ ತುಳುವಿನಲ್ಲಿ ಮನಸ್ಸು ಬಿಚ್ಚುವುದು ಸುಲಭವಾದರೆ ಅದನ್ನೂ ಮುಂಚಿತವಾಗಿ ತಿಳಿಸಿ.

ಮರ್ಯಾದೆಯ ಅಂಜಿಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ದಕ್ಕೆಯಲ್ಲಿ ಒಬ್ಬರಿಗೊಬ್ಬರು ಗೊತ್ತಿಲ್ಲದವರು ಯಾರಿದ್ದಾರೆ? ಆದರೆ ಆ ಕೋಣೆಯಲ್ಲಿ ಅಣ್ಣನನ್ನು ಗುರುತಿಸುವವರೂ ಅದೇ ಕಾರಣಕ್ಕೆ ಅಲ್ಲಿಗೆ ಬಂದವರಾಗಿರುತ್ತಾರೆ, ಮತ್ತು ಯಾರು ಬಂದಿದ್ದರು, ಏನು ಹೇಳಿದರು ಎಂಬುದನ್ನು ಹೊರಗೆ ಆಡಬಾರದೆಂಬುದು ಅಲ್ಲಿನ ಮುಖ್ಯ ಕಟ್ಟುಪಾಡು. ಆದರೂ ಧೈರ್ಯ ಬಾರದಿದ್ದರೆ ಮೊದಲ ಕೆಲವು ಸಲ ಬಸ್ಸು ಹತ್ತಿ ಮಂಗಳೂರಿನ ಸಭೆಗೆ ಹೋಗಿ ಬರಲಿ. ಮೊದಲ ದಿನವೇ ಮಾತನಾಡಬೇಕೆಂದಿಲ್ಲ, ಸುಮ್ಮನೆ ಕುಳಿತು ಕೇಳಿದರೂ ಸಾಕು. ಇನ್ನು ಚರ್ಚು ಒದಗಿಸುವುದು ಸಭೆ ಸೇರಲು ಜಾಗವನ್ನು ಮಾತ್ರ. ಎ.ಎ. ಯಾವ ಮತಕ್ಕೂ ಸೇರಿದ್ದಲ್ಲ. ಕುಡಿತದಿಂದ ಹೊರಬರಲು ಅದು ಹೇಳುವ ಹನ್ನೆರಡು ಹೆಜ್ಜೆಗಳಲ್ಲಿ ಬರುವ ದೇವರು ‘ನಾವು ಅರಿತುಕೊಂಡಂತೆ’ ಎಂಬ ಮಾತಿನೊಂದಿಗೇ ಬರುತ್ತಾನೆ. ಅಮ್ಮ ನಂಬುವ ದೈವಕ್ಕೂ ಅಲ್ಲಿ ಎಡೆಯಿದೆ ಎಂದು ಅವರಿಗೆ ತಿಳಿಸಿ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳಲ್ಲಿ ಕುಡಿತ ಬಿಟ್ಟವರು ಕಟ್ಟಿಕೊಂಡ ನವಜೀವನ ಸಮಿತಿಗಳೂ ಇದೇ ಬಗೆಯ ಆಸರೆ. ಮನೆಯ ವಾತಾವರಣಕ್ಕೆ ಅದು ಹೊಂದುವುದಾದರೆ ಅಲ್ಲಿಯೂ ವಿಚಾರಿಸಬಹುದು.

ಕಡಲಿನ ಕೆಲಸವೇ ಇಲ್ಲಿ ನಿಜವಾಗಿ ಯೋಚಿಸಬೇಕಾದ ವಿಷಯ. ನನ್ನ ಅನುಭವದಲ್ಲಿ ಮೀನುಗಾರರು ಬೋಟಿನಲ್ಲಿದ್ದಾಗ ಎಡವುವುದಕ್ಕಿಂತ, ದಡಕ್ಕೆ ಬಂದು ಪಾಲಿನ ಹಣ ಕೈಸೇರಿದ ಸಂಜೆ ಎಡವುವುದೇ ಹೆಚ್ಚು. ಆದ್ದರಿಂದ ಗುಂಪಿನಲ್ಲಿ ಕೆಲವು ವರ್ಷಗಳಿಂದ ಕುಡಿಯದೆ ಇರುವ ಒಬ್ಬರನ್ನು ತನ್ನ ಸ್ಪಾನ್ಸರ್, ಅಂದರೆ ಕುಡಿಯದೆ ಇರಲು ಜೊತೆ ನಿಲ್ಲುವ ಮಾರ್ಗದರ್ಶಿ, ಆಗುವಂತೆ ಅಣ್ಣ ಕೇಳಿಕೊಳ್ಳಲಿ. ಬೋಟ್ ಹೊರಡುವ ಮುನ್ನ ಅವರಿಗೊಂದು ಕರೆ, ಮರಳುವಾಗ ಮೊಬೈಲಿಗೆ ನೆಟ್‌ವರ್ಕ್ ಸಿಕ್ಕಿದೊಡನೆ ಇನ್ನೊಂದು ಕರೆ ಹೋಗಬೇಕು. ಸಾಧ್ಯವಾದರೆ ಆ ಸ್ನೇಹಿತರೇ ದಕ್ಕೆಗೆ ಬಂದು ಅವರನ್ನು ಕರೆದೊಯ್ಯಲಿ, ಹಣವನ್ನು ಅಂದು ಅತ್ತಿಗೆಯೇ ಪಡೆದುಕೊಳ್ಳುವಂತೆ ಅಣ್ಣನೇ ಒಪ್ಪಿ ಏರ್ಪಾಡು ಮಾಡಲಿ. ದಡದಲ್ಲಿರುವ ದಿನಗಳಲ್ಲಿ ಒಂದರ ಬದಲು ಎರಡು ಮೂರು ಸಭೆಗಳಿಗೆ ಹೋಗಬಹುದು.

ಮರುಪ್ರಶ್ನೆ (ಅದೇ ಸದಸ್ಯೆ):

ತುಂಬಾ ಉಪಕಾರವಾಯಿತು, ಮೇಡಂ. ಅಣ್ಣ ಸಭೆಗೆ ಒಪ್ಪದಿದ್ದರೆ ಕುಡಿತ ಬಿಡಿಸುವ ಮಾತ್ರೆಯನ್ನು ಅವರಿಗೆ ತಿಳಿಯದಂತೆ ಸಾರಿನಲ್ಲಿ ಬೆರೆಸೋಣವೇ ಎಂದು ಅತ್ತಿಗೆ ಕೇಳುತ್ತಿದ್ದಾರೆ.

ಉತ್ತರ:

ದಯವಿಟ್ಟು ಬೇಡ. ಆ ಮಾತ್ರೆ ಡೈಸಲ್ಫಿರಾಮ್ ಆಗಿದ್ದಲ್ಲಿ, ಅದು ದೇಹದಲ್ಲಿರುವಾಗ ಕುಡಿದವರಿಗೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ, ಪ್ರಾಣಾಪಾಯವೂ ಆಗಬಹುದು. ಮಾತ್ರೆ ನಿಲ್ಲಿಸಿದ ಎರಡು ವಾರಗಳವರೆಗೂ ಈ ಅಪಾಯ ಉಳಿಯುತ್ತದೆ. ಹತ್ತಿರದಲ್ಲಿ ಯಾವ ಆಸ್ಪತ್ರೆಯೂ ಇಲ್ಲದ ನಡುಗಡಲಿನಲ್ಲಿ ಹಾಗಾದರೆ ಏನು ಗತಿ ಎಂದು ಅತ್ತಿಗೆ ಒಮ್ಮೆ ಯೋಚಿಸಲಿ. ಯಕೃತ್ತು ಮತ್ತು ಹೃದಯದ ಪರೀಕ್ಷೆಯಾದ ಮೇಲೆ, ರೋಗಿಯ ಒಪ್ಪಿಗೆಯಿಂದ, ವೈದ್ಯರೇ ಕೊಡಬೇಕಾದ ಔಷಧ ಅದು. ಅತ್ತಿಗೆಯ ಸಂಕಟ ನನಗೆ ಅರ್ಥವಾಗುತ್ತದೆ. ಕುಡುಕರ ಮನೆಯವರಿಗಾಗಿಯೇ ಅಲ್-ಅನಾನ್ ಎಂಬ ಬೇರೆ ಕೂಟವಿದೆ, ಅಣ್ಣ ಸಭೆಗೆ ಹೋಗಲಿ ಬಿಡಲಿ ಅವರು ಅದಕ್ಕೆ ಸೇರಬಹುದು.

ಒಂದು ವೇಳೆ ಅಣ್ಣ ಮತ್ತೆ ದಿನವೂ ಕುಡಿಯತೊಡಗಿದರೆ, ಮನೆಯಲ್ಲಿ ಕೂಡಿಹಾಕಿ ಒಮ್ಮೆಲೇ ನಿಲ್ಲಿಸಬೇಡಿ. ನಿಲ್ಲಿಸಿದ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೆಯ ದಿನದೊಳಗೆ ಬುದ್ಧಿಭ್ರಮಣೆಯಾಗಬಹುದು. ಕೈನಡುಕ, ಬೆವರು, ಇಲ್ಲದ್ದು ಕಾಣಿಸುವುದು ಆರಂಭವಾದೊಡನೆ ಆಸ್ಪತ್ರೆಗೆ ಕರೆದೊಯ್ಯಿರಿ. ಈ ವಾರ ಬೋಟ್ ಯಾವ ದಿನ ಬರುತ್ತದೆಂದು ತಿಳಿಸಿ; ಅದಕ್ಕೆ ಸರಿಹೊಂದುವ ಸಭೆಯನ್ನು ವಿಚಾರಿಸಿ ಇಲ್ಲಿಯೇ ಬರೆಯುತ್ತೇನೆ.