ಬಲೂನಿನಿಂದ ಬಿಟ್ಟ ಕಲ್ಲು: ಉತ್ತರ 5 ಸೆಕೆಂಡ್, ನನಗೆ 3.87 ಬರ್ತಿದೆ

ಪ್ರಶ್ನೆ:
ನಮಸ್ಕಾರ, ಮೊದಲ ಪಿಯುಸಿ ಓದ್ತಿದ್ದೇನೆ. ಬಲೂನೊಂದು ಸೆಕೆಂಡಿಗೆ 10 ಮೀಟರ್‌ನಂತೆ ಏಕರೂಪ ವೇಗದಲ್ಲಿ ನೇರ ಮೇಲಕ್ಕೆ ಏರ್ತಿದೆ. 75 ಮೀಟರ್ ಎತ್ತರದಲ್ಲಿ ಅದರಿಂದ ಕಲ್ಲನ್ನು ಕೈಬಿಟ್ಟರೆ ನೆಲ ಮುಟ್ಟಲು ಎಷ್ಟು ಹೊತ್ತು ಬೇಕು? ಜಿ (ಗುರುತ್ವ ವೇಗೋತ್ಕರ್ಷ) = 10. ಕೈಬಿಟ್ಟಿದ್ದು ಅಂದಮೇಲೆ ಆರಂಭಿಕ ವೇಗ ಸೊನ್ನೆ ಅಂತ ಹಾಕಿದೆ. ಬಿದ್ದ ದೂರ ½ಜಿಟಿ² (ಟಿ ಅಂದರೆ ಸಮಯ), ಹಾಗಾಗಿ 75 = 5ಟಿ², ಟಿ = 3.87. ಪುಸ್ತಕದ ಹಿಂದೆ 5 ಅಂತಿದೆ. ಮೂರು ಸಲ ಮಾಡಿದೆ, ತಪ್ಪು ಸಿಗ್ತಿಲ್ಲ.

ಉತ್ತರ:
ವರ್ಗಮೂಲವೆಲ್ಲ ಸರಿ ಇದೆ. ಎಡವಿದ್ದು ‘ಕೈಬಿಟ್ಟರೆ’ ಅನ್ನೋ ಪದದಲ್ಲಿ. ಬಿಡುವ ಮುಂಚೆ ಕಲ್ಲೂ ಬಲೂನಿನ ಜೊತೆ 10ರ ವೇಗದಲ್ಲಿ ಏರ್ತಾನೇ ಇತ್ತಲ್ಲ? ಹಿಡಿತ ಬಿಟ್ಟ ಮಾತ್ರಕ್ಕೆ ಆ ವೇಗ ಎಲ್ಲಿಗೆ ಹೋಗಬೇಕು? ಕಲ್ಲು ಇನ್ನೂ 1 ಸೆಕೆಂಡ್ ಮೇಲೇ ಹೋಗುತ್ತೆ, 5 ಮೀಟರ್ ಏರಿ 80ರಲ್ಲಿ ಅದರ ವೇಗ ಸೊನ್ನೆಯಾಗುತ್ತೆ. ಅಲ್ಲಿಂದ ಬೀಳಲು 4 ಸೆಕೆಂಡ್. ಒಟ್ಟು 5.

ಒಂದೇ ಏಟಿಗೆ ಬೇಕಿದ್ದರೆ ಮೇಲ್ಮುಖವನ್ನು ಪ್ಲಸ್ ಅಂತ ಹಿಡಿಯಿರಿ: −75 = 10ಟಿ − 5ಟಿ². ಅಂದರೆ ಟಿ² − 2ಟಿ − 15 = 0. ಟಿ = 5 ಅಥವಾ −3.

ಪ್ರಶ್ನೆ:
ಆದರೆ ಸರ್, ಬಲೂನಿನಲ್ಲಿ ಕೂತವರಿಗೆ ಕಲ್ಲು ಮೇಲೆ ಹೋಗೋದು ಕಾಣಲ್ವಲ್ಲ?

ಉತ್ತರ:
ಕಾಣಲ್ಲ. ಒಳ್ಳೇ ಪ್ರಶ್ನೆ, ನಿಮ್ಮ ತಪ್ಪಿನ ಬೇರು ಇರೋದೇ ಇಲ್ಲಿ. ಬಲೂನಿನಿಂದ ನೋಡಿದರೆ ಕಲ್ಲು ಸೊನ್ನೆಯಿಂದಲೇ ಹೊರಡುತ್ತೆ, ನಿಮ್ಮ 5ಟಿ² ಅಲ್ಲಿ ಪೂರ್ತಿ ಸರಿ. ಆದರೆ ಅಲ್ಲಿಂದ ನೋಡುವವರಿಗೆ ನೆಲವೂ 10ರ ವೇಗದಲ್ಲಿ ಕೆಳಗೆ ಸರೀತಿರುತ್ತೆ. 5 ಸೆಕೆಂಡಲ್ಲಿ 50 ಮೀಟರ್ ಸರಿದು 75 ಹೋಗಿ 125 ಆಯ್ತು. 5 × 25 ಕೂಡ 125. ನೀವು ವೇಗವನ್ನು ಬಲೂನಿನಿಂದ ತಗೊಂಡ್ರಿ, ದೂರವನ್ನು ನೆಲದಿಂದ. ಎರಡನ್ನೂ ಒಂದೇ ಕಡೆಯಿಂದ ಅಳೆಯಬೇಕು.

ಲಿಫ್ಟ್ ಸಿಕ್ಕರೆ, ಹೊರಟಾಗಿನ ಜಗ್ಗು ಕಳೆದು ಒಂದೇ ವೇಗದಲ್ಲಿ ಏರುವಾಗ ಕೈಯಲ್ಲಿರೋ ರಬ್ಬರ್ ಬಿಟ್ಟು ನೋಡಿ. ಮನೆಯಲ್ಲಿ ಬೀಳೋ ಹಾಗೇ ಕಾಲ ಬುಡಕ್ಕೆ ಬೀಳುತ್ತೆ. ಸೆಕೆಂಡಿಗೆ 1 ಮೀಟರ್ ಏರುವ ಲಿಫ್ಟಾದರೆ, ಕಟ್ಟಡದ ಲೆಕ್ಕದಲ್ಲಿ ಅದೇ ರಬ್ಬರ್ ಮೊದಲು 5 ಸೆಂಟಿಮೀಟರ್ ಮೇಲೇರಿ ಆಮೇಲೆ ಬಿದ್ದಿರುತ್ತೆ. ನನಗೆ ಇದು ಇವತ್ತಿಗೂ ಬೆರಗು.

ಇನ್ನೊಬ್ಬರು:
ಆ −3 ಅನ್ನೂ ಸುಮ್ಮನೆ ಹೊಡೆದುಹಾಕಬೇಡಿ. 3 ಸೆಕೆಂಡ್ ಮುಂಚೆ ನೆಲದಿಂದ 40ರ ವೇಗದಲ್ಲಿ ಎಸೆದ ಕಲ್ಲೂ 75 ಮೀಟರ್ ದಾಟುವಾಗ 10ರ ವೇಗದಲ್ಲೇ ಇರುತ್ತೆ. ಬಲೂನಿನ ಸುದ್ದಿ ಸಮೀಕರಣಕ್ಕೆ ಗೊತ್ತಿಲ್ಲ, ಹಾಗಾಗಿ ಆ ಕಲ್ಲಿನ ಹೊರಟ ಸಮಯವನ್ನೂ ಕೊಡುತ್ತೆ.

ಪ್ರಶ್ನೆ:
ಈಗ ಹೊಳೀತು! ಬಲೂನು 10ರಲ್ಲಿ ಇಳೀತಿದ್ದರೆ ಅಂತ ನಾನೇ ಮಾಡಿ ನೋಡಿದೆ: −75 = −10ಟಿ − 5ಟಿ². ಟಿ = 3 ಬಂತು. ಅದೇ 3, ಈ ಸಲ ಪ್ಲಸ್ ಆಗಿ.